ಮುನ್ನೂರು ವರ್ಷ ಯಾರ ಖಾತೆಯಿಂದ ಹೋದವು?

2025ರ ಚಾತುರ್ಮಾಸದ ಒಂದು ಸಂಜೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆವು. ಪುಣೆಯಲ್ಲಿ ಓದುವ ಮೊಮ್ಮಗ ರಜೆಗೆ ಬಂದಿದ್ದ. ಮೊಬೈಲಿನಲ್ಲಿ ಏನೋ ನೋಡುತ್ತಿದ್ದವನು ಒಮ್ಮೆಲೇ ಎದ್ದು ನಮ್ಮ ಹತ್ತಿರ ಬಂದ.

"ಅಜ್ಜಾ, ಇಲ್ಲಿ ಕೇಳ್ರಿ. ನಾವು ಬರಿಯೋ ಇಸ್ವಿನೇ ಸುಳ್ಳಂತ. ನಡುವ ಮುನ್ನೂರು ವರ್ಷ ಆಗೇ ಇಲ್ಲಂತ. ಈಗ ನಡದದ್ದು 2025 ಅಲ್ಲ, 1728 ಅಂತ."

"ಬರೋಬ್ಬರಿ ಆತು ಬಿಡಪ್ಪಾ, ಮುನ್ನೂರು ವರ್ಷದ ಬಡ್ಡಿ ಉಳಿತು" ಎಂದು ನಾವು ನಕ್ಕುಬಿಟ್ಟೆವು. ಅವನು ನಗಲಿಲ್ಲ. ಅದರಲ್ಲಿ ಹೇಳುವವರು ಲೆಕ್ಕ ಕೊಟ್ಟಿದ್ದಾರೆ, ಆ ಲೆಕ್ಕದಲ್ಲಿ ತಪ್ಪೆಲ್ಲಿದೆ ತೋರಿಸಿರಿ ಎಂದ. ನಾವು ಇತಿಹಾಸ ಪಂಡಿತರಲ್ಲ. ಮೆಟ್ರಿಕ್ ಆದ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಆದರೆ ಲೆಕ್ಕ ಎಂದ ಮೇಲೆ ವ್ಯಾಪಾರಿ ಹಿಂದೆ ಸರಿಯಲಾದೀತೆ? ಅಂದು ರಾತ್ರಿ ಶುರುವಾದ ಈ ವಿಚಾರ ದೀಪಾವಳಿಯವರೆಗೂ ನಮ್ಮ ಮನೆಯಲ್ಲಿ ನಡೆಯಿತು. ಕೊನೆಗೆ ತಪ್ಪು ಸಿಕ್ಕಿದ್ದು ಅವನ ಮೊಬೈಲಿನಲ್ಲಿ ಮಾತ್ರ ಅಲ್ಲ, ನಮ್ಮ ಕಪಾಟಿನಲ್ಲಿಯೂ ಕೂಡ. ಅದನ್ನೇ ಇಲ್ಲಿ ಹೇಳಹೊರಟಿದ್ದೇವೆ.

ಹತ್ತು ದಿನವೋ, ಹದಿಮೂರು ದಿನವೋ?

ವಾದ ಜರ್ಮನಿಯದು. ಹೆರಿಬರ್ಟ್ ಇಲ್ಲಿಗ್ ಎಂಬ ಲೇಖಕರು 1991ರಲ್ಲಿ ಇದನ್ನು ಮುಂದಿಟ್ಟರು. 1996ರ ಅವರ ಪುಸ್ತಕದಿಂದ ಇದು ಹೆಸರಾಯಿತು. ಅವರ ಪ್ರಕಾರ ಕ್ರಿ.ಶ. 614ರ ಸೆಪ್ಟೆಂಬರದಿಂದ 911ರ ಆಗಸ್ಟದವರೆಗಿನ 297 ವರ್ಷ ಕೇವಲ ಕಾಗದದ ಮೇಲಿನವು. ಮೂರನೆಯ ಒಟ್ಟೊ ಎಂಬ ಸಾಮ್ರಾಟನೂ ಎರಡನೆಯ ಸಿಲ್ವೆಸ್ಟರ್ ಎಂಬ ಪೋಪನೂ ಕೂಡಿ, ತಾವು ಕ್ರಿಸ್ತನ ಸಾವಿರನೆಯ ವರ್ಷದಲ್ಲಿ ಆಳಿದೆವು ಎನ್ನಿಸಿಕೊಳ್ಳುವ ಆಸೆಯಿಂದ ಇಸ್ವಿಯನ್ನು ಮುಂದಕ್ಕೆ ತಳ್ಳಿದರಂತೆ. ನಡುವೆ ಬಿದ್ದ ತೆರವಿಗೆ ಇಲ್ಲದ ರಾಜರನ್ನು ತುಂಬಿದರಂತೆ. ಕ್ರಿ.ಶ. 800ರಲ್ಲಿ ರೋಮಿನಲ್ಲಿ ಕಿರೀಟ ಧರಿಸಿದ ಶಾರ್ಲಮೇನ್ ಎಂಬ ದೊಡ್ಡ ದೊರೆಯೂ ಅವರ ಮಟ್ಟಿಗೆ ಬರೀ ಕತೆ.

ಇಷ್ಟು ದೊಡ್ಡ ಮಾತಿಗೆ ಅವರ ಮುಖ್ಯ ಆಧಾರ ಒಂದು ಸಣ್ಣ ಲೆಕ್ಕ. ರೋಮಿನ ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ಜಾರಿಗೆ ತಂದ ಪಂಚಾಂಗದಲ್ಲಿ ವರ್ಷಕ್ಕೆ 365 ಕಾಲು ದಿನ. ಸೂರ್ಯನ ನಿಜವಾದ ವರ್ಷ ಅದಕ್ಕಿಂತ ಹನ್ನೊಂದು ನಿಮಿಷದಷ್ಟು ಕಡಿಮೆ. ಹೀಗೆ ಸುಮಾರು 128 ವರ್ಷಕ್ಕೆ ಒಂದು ದಿನದ ಫರಕು ಬೀಳುತ್ತದೆ. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಇದನ್ನು ಸರಿಪಡಿಸಿದಾಗ ಅಕ್ಟೋಬರ 4ರ ಮರುದಿನವನ್ನು 15 ಎಂದು ಸಾರಿ ಹತ್ತು ದಿನ ಕಳೆದ. ಸೀಸರನಿಂದ ಗ್ರೆಗರಿಯವರೆಗೆ 1600 ವರ್ಷಕ್ಕೂ ಹೆಚ್ಚು. 128ರಿಂದ ಭಾಗಿಸಿದರೆ ಹದಿಮೂರು ದಿನ ಬರಬೇಕು. ಹತ್ತೇ ಏಕೆ ಕಳೆದರು? ಮೂರು ದಿನದ ಮಾಲು ಎಲ್ಲಿ? ಮೂರು ದಿನವೆಂದರೆ ಸುಮಾರು ಮುನ್ನೂರೆಂಬತ್ತು ವರ್ಷ. ಆದ್ದರಿಂದ ಅಷ್ಟು ಕಾಲ ನಡೆದೇ ಇಲ್ಲ ಎಂಬುದು ವಾದದ ಮೊಳೆ.

ಕೇಳುವಾಗ ಬಾಯಿ ಮುಚ್ಚಿಸುವಂಥ ಲೆಕ್ಕವೇ. ಮೊಮ್ಮಗ ಸಿಕ್ಕಿಬಿದ್ದದ್ದೂ ಇಲ್ಲಿಯೇ. ನಾವು ಎರಡು ದಿನ ಇದನ್ನೇ ತಿರುವಿ ಹಾಕಿದೆವು. ಲೆಕ್ಕ ತಪ್ಪಿಲ್ಲ, ಲೆಕ್ಕ ಶುರು ಮಾಡಿದ ತಾರೀಖು ತಪ್ಪು. ಗ್ರೆಗರಿಗೆ ಸೀಸರನ ಕಾಲಕ್ಕೆ ಹಿಂದಿರುಗುವ ಇರಾದೆ ಇರಲಿಲ್ಲ. ಕ್ರೈಸ್ತ ಗುರುಗಳು ಕ್ರಿ.ಶ. 325ರಲ್ಲಿ ನೈಸಿಯಾ ಎಂಬ ಊರಿನಲ್ಲಿ ಸಭೆ ಸೇರಿದಾಗ ಹಗಲು-ರಾತ್ರಿ ಸಮವಾಗುವ ದಿನ ಮಾರ್ಚ್ 21ರ ಸುಮಾರಿಗೆ ಬರುತ್ತಿತ್ತು. ಈಸ್ಟರ್ ಹಬ್ಬದ ಗಣನೆಗೆ ಆ ಸ್ಥಿತಿಯೇ ಬೇಕಾಗಿತ್ತು. 1582ರಲ್ಲಿ 325 ಕಳೆದರೆ 1257. ಅದನ್ನು 128ರಿಂದ ಭಾಗಿಸಿ ನೋಡಿರಿ. ಹತ್ತಕ್ಕೆ ಕೂದಲೆಳೆಯಷ್ಟು ಕಡಿಮೆ. ಹತ್ತೇ ದಿನ ಕಳೆಯಬೇಕಾಗಿತ್ತು, ಹತ್ತೇ ಕಳೆದರು. ಹೊಸ ಪಾಲುದಾರ ಬಂದ ದಿನದಿಂದ ಬಡ್ಡಿ ಹಾಕುವ ಬದಲು ಅಂಗಡಿ ತೆರೆದ ದಿನದಿಂದ ಹಾಕಿ "ಹಣ ಕಡಿಮೆ ಬಂತು" ಎಂದು ಕೂಗಿದ ಹಾಗೆ ಇದು.

ಅಳಿಸಿದರೆ ಯಾರು ಹೋಗುತ್ತಾರೆ?

ಇಲ್ಲಿಗ್ ಅವರ ಕಣ್ಣೆಲ್ಲ ಯುರೋಪಿನ ಮೇಲೆ. ಆದರೆ ಕಾಲವೆಂಬುದು ಒಂದು ದೇಶದ ಸ್ವತ್ತಲ್ಲ. 614ರಿಂದ 911 ಎಂಬ ಆ ಎರಡು ಗೂಟಗಳ ನಡುವೆ ನಮ್ಮವರು ಯಾರಿದ್ದಾರೆ ಎಂದು ನಾವು ಒಂದು ಹಾಳೆಯ ಮೇಲೆ ಬರೆಯಹೊರಟೆವು. ಬರೆಯುತ್ತ ಹೋದಂತೆ ಎದೆ ಝಲ್ಲೆಂದಿತು.

ಐಹೊಳೆಯ ಮೇಗುಟಿ ಜಿನಾಲಯವನ್ನು ಕಟ್ಟಿಸಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಬರೆದ ರವಿಕೀರ್ತಿ, 634. ಶಕ 700 ಮುಗಿಯಲು ಒಂದೇ ದಿನ ಬಾಕಿ ಇರುವಾಗ ಜಾಲೋರಿನಲ್ಲಿ ಕುವಲಯಮಾಲಾ ಮುಗಿಸಿದ ಉದ್ಯೋತನ ಸೂರಿಗಳು, 779. (ಈ ಗ್ರಂಥದಲ್ಲಿ ಬೇರೆ ಬೇರೆ ದೇಶದ ವ್ಯಾಪಾರಿಗಳು ಪೇಟೆಯಲ್ಲಿ ತಮ್ಮ ತಮ್ಮ ನುಡಿಯಲ್ಲಿ ಮಾತಾಡುವ ವರ್ಣನೆ ಇದೆ, ಕನ್ನಡಿಗರೂ ಅದರಲ್ಲಿದ್ದಾರೆ.) ಪುನ್ನಾಟ ಸಂಘದ ಜಿನಸೇನರ ಹರಿವಂಶ ಪುರಾಣ, ಶಕ 705 ಅಂದರೆ 783. ವೀರಸೇನಾಚಾರ್ಯರ ಧವಲಾ ಟೀಕೆ. ಅವರು ಅರ್ಧಕ್ಕೆ ಬಿಟ್ಟ ಜಯಧವಲೆಯನ್ನು ಶಿಷ್ಯ ಜಿನಸೇನರು ಪೂರೈಸಿದ್ದು ಶಕ 759, ಅಂದರೆ 837. ಅದೇ ಜಿನಸೇನರ ಆದಿಪುರಾಣ. ಮಹಾವೀರಾಚಾರ್ಯರ ಗಣಿತಸಾರ ಸಂಗ್ರಹ. ನಮ್ಮ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ 1963ರಲ್ಲಿ ಹಿಂದಿ ಅನುವಾದದೊಡನೆ ಬಂದದ್ದನ್ನು ಹಲವು ಮನೆಗಳಲ್ಲಿ ಇನ್ನೂ ಕಾಣಬಹುದು. ಮಳಖೇಡದಲ್ಲಿ ಆರು ದಶಕಕ್ಕೂ ಮಿಕ್ಕಿ ಆಳಿದ ಅಮೋಘವರ್ಷ ನೃಪತುಂಗ. ಅವನ ಆಸ್ಥಾನದ ಕವಿರಾಜಮಾರ್ಗ, ಕನ್ನಡದಲ್ಲಿ ಈಗ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಆದಿಕವಿ ಪಂಪ ಹುಟ್ಟಿದ್ದು 902ರಲ್ಲಿ, ಅವನೂ ಆ ಗೂಟದ ಒಳಗೇ.

ಒಬ್ಬ ಯುರೋಪಿನ ದೊರೆಗೆ ಸಾವಿರದ ಗೌರವ ಸಿಗಲೆಂದು ಒಂದು ಪುಟ ಹರಿದರೆ ದಕ್ಷಿಣದ ಜೈನ ಸಮಾಜದ ಸುವರ್ಣಯುಗವೇ ಹರಿದುಹೋಗುತ್ತದೆ! ಮೊಬೈಲಿನಲ್ಲಿ ಆ ಚಿತ್ರ ಮಾಡಿದವರಿಗೆ ಇದರ ಅರಿವಿದೆಯೋ ಇಲ್ಲವೋ.

ಕಿರ್ದಿಗೆ ಖಾತೆ ತಾಳೆಯಾಗಬೇಕು

ವ್ಯಾಪಾರದಲ್ಲಿ ಒಂದು ಚೀಟಿಯನ್ನು ಯಾರೂ ನಂಬುವುದಿಲ್ಲ. ನಮ್ಮ ಕಿರ್ದಿಯಲ್ಲಿ ಬರೆದದ್ದು ಖತಾವಣಿಯಲ್ಲಿ ಬರಬೇಕು, ಎದುರು ಪಾರ್ಟಿಯ ಪುಸ್ತಕದಲ್ಲಿಯೂ ಬರಬೇಕು, ಲಾರಿಯ ಪಾವತಿಯಲ್ಲಿಯೂ ಬರಬೇಕು. ಒಬ್ಬರಿಗೊಬ್ಬರು ಗುರುತಿಲ್ಲದ ಮೂರು ಪುಸ್ತಕ ಒಂದೇ ಮೊತ್ತ ತೋರಿಸಿದರೆ ಆ ವ್ಯವಹಾರ ನಡೆದದ್ದು ಖರೆ.

ಮೇಗುಟಿಗೆ ನಾವು ಕುಟುಂಬ ಸಮೇತ ಹೋಗಿದ್ದೆವು. ಗುಡ್ಡ ಹತ್ತಿ ನಿಂತರೆ ಬಸದಿಯ ಪೂರ್ವದ ಹೊರಗೋಡೆಯಲ್ಲಿ ಆ ಶಾಸನದ ಕಲ್ಲು. ರವಿಕೀರ್ತಿ ಅದರಲ್ಲಿ ಎರಡು ಲೆಕ್ಕ ಕೊಟ್ಟಿದ್ದಾನೆ. ಭಾರತ ಯುದ್ಧದಿಂದ 3735 ವರ್ಷ. ಶಕರಾಜರ ಕಾಲದಿಂದ 556. ಎರಡರ ಅಂತರ 3179. ಈಗ 2025ರ ಯುಗಾದಿಯ ಪಂಚಾಂಗ ತೆರೆಯಿರಿ. ಗತಕಲಿ 5126, ಶಾಲಿವಾಹನ ಶಕ 1947. ಕಳೆಯಿರಿ. ಅದೇ 3179! ಸುಮಾರು ಹದಿನಾಲ್ಕು ನೂರು ವರ್ಷ ಈ ಎರಡು ಲೆಕ್ಕಗಳು ಜೊತೆಜೊತೆಯಾಗಿ ನಡೆದು ಬಂದಿವೆ.

ಆದರೂ ಇವೆರಡೂ ನಮ್ಮದೇ ಮನೆಯ ಪುಸ್ತಕ ಎಂದು ಮೊಮ್ಮಗ ತಕರಾರು ತೆಗೆದ. ಸರಿಯಾದ ತಕರಾರೇ. ಎದುರು ಪಾರ್ಟಿಯ ಪುಸ್ತಕ ನೋಡೋಣ. ಪುಲಕೇಶಿ ಉತ್ತರದ ಹರ್ಷನನ್ನು ತಡೆದನೆಂದು ರವಿಕೀರ್ತಿ ಹೇಳುತ್ತಾನೆ. ಚೀನಾದಿಂದ 629ರಲ್ಲಿ ಹೊರಟು 645ರಲ್ಲಿ ಮರಳಿದ ಬೌದ್ಧ ಯಾತ್ರಿಕ ಹ್ಯುಯೆನ್ ತ್ಸಾಂಗ್ ಪುಲಕೇಶಿಯ ದೇಶವನ್ನು ಕಂಡು, ಹರ್ಷನಿಗೂ ಇವನನ್ನು ಗೆಲ್ಲಲಾಗಲಿಲ್ಲವೆಂದು ಬರೆದಿಟ್ಟ. ಅವನ ಪುಸ್ತಕ ಚೀನಾದಲ್ಲಿ, ನಮ್ಮ ಕಲ್ಲು ಐಹೊಳೆಯಲ್ಲಿ. ಅವನನ್ನು ಬರಮಾಡಿಕೊಂಡ ತಾಂಗ್ ವಂಶ ಚೀನಾವನ್ನು ಆಳಿದ್ದು 618ರಿಂದ 907. ಇಲ್ಲಿಗ್ ಅವರು ಅಳಿಸಿದ ಕಾಲದಲ್ಲಿ ಇಡೀ ವಂಶವೇ ಮುಳುಗುತ್ತದೆ! ಮುಸಲ್ಮಾನರ ಹಿಜರಿ ಶಕ 622ರದು, ಅದೂ ಅದರಲ್ಲೇ. 851ರ ಒಂದು ಅರಬ್ಬಿ ಪುಸ್ತಕದಲ್ಲಿ, ಸುಲೈಮಾನನೆಂಬ ವ್ಯಾಪಾರಿಯ ಹೆಸರಿನಲ್ಲಿ ಬಂದದ್ದು, ಲೋಕದ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬನೆಂದು 'ಬಲ್ಹರಾ'ನನ್ನು ಹೇಳಿದ್ದಾರೆ. ಬಲ್ಹರಾ ಎಂದರೆ ವಲ್ಲಭರಾಯ, ನಮ್ಮ ಮಳಖೇಡದ ರಾಷ್ಟ್ರಕೂಟ ದೊರೆ. ಜರ್ಮನಿಯ ಸಾಮ್ರಾಟನೂ ರೋಮಿನ ಪೋಪನೂ ಸುಳ್ಳು ಬರೆಸಿದರೆಂದೇ ಇಟ್ಟುಕೊಳ್ಳೋಣ. ಚೀನಾದ ಭಿಕ್ಷುವಿಗೂ, ಅರಬ್ಬಿ ವ್ಯಾಪಾರಿಗೂ, ಐಹೊಳೆಯ ಕಲ್ಲುಕುಟಿಗನಿಗೂ ಹಣ ಕೊಟ್ಟವರು ಯಾರು?

ಇನ್ನು ಯಾರ ಲಂಚಕ್ಕೂ ಸಿಗದ ಸಾಕ್ಷಿ ಆಕಾಶದ್ದು. ಅಮೋಘವರ್ಷನ ಕಾಲದ ಶಿರೂರು ಶಾಸನದಲ್ಲಿ ಜ್ಯೇಷ್ಠ ಅಮಾವಾಸ್ಯೆ, ಭಾನುವಾರ, ಸೂರ್ಯಗ್ರಹಣ ಎಂದು ಬರೆದಿದೆ. ಫ್ಲೀಟ್ ಸಾಹೇಬರು ಗಣಿತ ಹಾಕಿ ಅದು 866ರ ಜೂನ್ 16 ಎಂದು ತೋರಿಸಿದರು. ವಾರ, ತಿಥಿ, ಗ್ರಹಣ ಮೂರೂ ಕೂಡಿ ಬರುತ್ತವೆ. ಯುರೋಪಿನಲ್ಲಿ 840ರ ಮೇ 5ರಂದು ಕಂಡ ಸೂರ್ಯಗ್ರಹಣ ಅಲ್ಲಿಯ ಬರಹಗಳಲ್ಲಿದೆ. ಅದೂ ಗಣಿತಕ್ಕೆ ಸರಿಯಾಗಿ ಕೂಡುತ್ತದೆ. ಅಳಿಸಿದ ಕಾಲದ ಆಚೆಗೆ, ಪ್ಲಿನಿ ಎಂಬ ರೋಮನ್ನನು ಬರೆದ 59ನೆಯ ಇಸ್ವಿಯ ಏಪ್ರಿಲ್ 30ರ ಗ್ರಹಣವೂ ಸರಿಯಾಗಿದೆ. ನಡುವೆ 297 ವರ್ಷ ಖೊಟ್ಟಿಯಾಗಿದ್ದರೆ ಅದು ಜಾಗ ತಪ್ಪಬೇಕಿತ್ತು.

ಮರಗಳೂ ಸಾಕ್ಷಿ ನುಡಿದಿವೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಬೀಳುತ್ತದೆ. ಜಪಾನಿನ ಯಾಕುಶಿಮಾ ದ್ವೀಪದ ಹಳೆಯ ಮರದಲ್ಲಿ 774-775ರ ಬಳೆಯಲ್ಲಿ ಇಂಗಾಲ-14 ಎಂಬ ದ್ರವ್ಯ ಥಟ್ಟನೆ ಏರಿರುವುದನ್ನು ಫುಸಾ ಮಿಯಾಕೆ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಆಕಾಶದಿಂದ ಬಂದ ಕಿರಣಗಳ ಪ್ರಭಾವವದು. ಬಳಿಕ ಜರ್ಮನಿ, ರಷ್ಯಾ, ಅಮೆರಿಕ, ನ್ಯೂಜಿಲೆಂಡ್‌ಗಳ ಮರಗಳಲ್ಲಿಯೂ ಅದೇ ಗುರುತು ಅದೇ ಕಾಲದ ಬಳೆಯಲ್ಲಿ ಸಿಕ್ಕಿತು. ನಡೆಯದೇ ಇದ್ದ ವರ್ಷ ಮರದಲ್ಲಿ ಬಳೆಯಾಗಿ ಬೀಳಲಾರದು.

ಮಾಸ್ಕೋದ ಗಣಿತಜ್ಞ

ಇಲ್ಲಿಗ್ ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ. ಫ್ರಾನ್ಸಿನ ಜಾನ್ ಹಾರ್ದುವಾನ್ (1646-1729) ಎಂಬ ಪಾದ್ರಿ ಗ್ರೀಕ್-ರೋಮನ್ ಗ್ರಂಥಗಳಲ್ಲಿ ಬಹುಪಾಲು ಹದಿಮೂರನೆಯ ಶತಮಾನದ ಸನ್ಯಾಸಿಗಳು ಬರೆದ ಖೊಟ್ಟಿ ಎಂದಿದ್ದರು. ರಷ್ಯಾದ ಕ್ರಾಂತಿಕಾರಿ ನಿಕೊಲಾಯ್ ಮೊರೊಜೊವ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಸೆರೆಮನೆಯಲ್ಲಿ ಕುಳಿತು ಇಂಥದೇ ಲೆಕ್ಕ ಹಾಕಿದರು. ಅದನ್ನು ಹಿಡಿದು ಮುಂದೆ ಹೋದವರು ಮಾಸ್ಕೋ ವಿಶ್ವವಿದ್ಯಾಲಯದ ಗಣಿತಜ್ಞ ಅನತೋಲಿ ಫೊಮೆಂಕೊ. ಅವರ ಪ್ರಕಾರ ಗ್ರೀಸು, ರೋಮು, ಈಜಿಪ್ಟಿನ ಪ್ರಾಚೀನ ಇತಿಹಾಸವೆಲ್ಲ ಕ್ರಿ.ಶ. ಸಾವಿರದ ಈಚೆಗೆ ನಡೆದದ್ದರ ಪಡಿಯಚ್ಚು. ಕ್ರಿಸ್ತ ಹನ್ನೆರಡನೆಯ ಶತಮಾನದವನು! ಚದುರಂಗದ ಗ್ಯಾರಿ ಕಾಸ್ಪರೋವ್ ಕೂಡ ಕೆಲಕಾಲ ಇದಕ್ಕೆ ಬೆಂಬಲ ಕೊಟ್ಟಿದ್ದರು.

ಫೊಮೆಂಕೊ ಅವರ ಒಂದು ವಿಧಾನವೆಂದರೆ ಎರಡು ರಾಜವಂಶಗಳ ಆಳ್ವಿಕೆಯ ವರ್ಷಗಳನ್ನು ಅಕ್ಕಪಕ್ಕ ಇಟ್ಟು, ಹೋಲಿಕೆ ಕಂಡರೆ ಎರಡೂ ಒಂದೇ ಎನ್ನುವುದು. ಎರಡು ಪೇಟೆಯ ಎರಡು ಅಂಗಡಿಗಳ ಹತ್ತು ವರ್ಷದ ವಹಿವಾಟು ಹೋಲಿದರೆ ಎರಡೂ ಒಂದೇ ಅಂಗಡಿ ಎಂದ ಹಾಗಾಯಿತು. ಹೊಂದದ ರಾಜನನ್ನು ಬಿಟ್ಟು, ಇಬ್ಬರನ್ನು ಕೂಡಿಸಿ ಒಬ್ಬನನ್ನಾಗಿ ಮಾಡಿ ಹೊಂದಿಸುವ ಸ್ವಾತಂತ್ರ್ಯ ಇದ್ದರೆ ಯಾವ ಪಟ್ಟಿ ಯಾವುದಕ್ಕೆ ಹೊಂದಲಿಕ್ಕಿಲ್ಲ? ಅವರು ಗಣಿತದಲ್ಲಿ ನಿಜಕ್ಕೂ ದೊಡ್ಡವರು. ಅಷ್ಟು ಓದಿದವರು ಹೇಳಿದ ಮೇಲೆ ಎಂದು ಕೈಮುಗಿಯುವ ಅಭ್ಯಾಸ ನಮ್ಮಲ್ಲಿಯೂ ಉಂಟು.

ನಮ್ಮ ಕಪಾಟಿನ ಸ್ಮರಣ ಸಂಚಿಕೆ

ಇಲ್ಲಿಯವರೆಗೆ ನಾವು ಗೆದ್ದ ಹುಮ್ಮಸ್ಸಿನಲ್ಲಿದ್ದೆವು. ದಶಲಕ್ಷಣ ಪರ್ವ ಬಂತು. ಬಸದಿಯಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ಪಠಣ. ಏಳನೆಯ ದಿನ ಏಳನೆಯ ಅಧ್ಯಾಯ, ವ್ರತಗಳ ಅತಿಚಾರಗಳು. ಸತ್ಯಾಣುವ್ರತಕ್ಕೆ ಕೂಟಲೇಖಕ್ರಿಯೆ, ಅಂದರೆ ಖೊಟ್ಟಿ ಬರಹ. ಅಚೌರ್ಯಕ್ಕೆ ಹೀನಾಧಿಕಮಾನೋನ್ಮಾನ, ಅಂದರೆ ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಒಂದು ಕಲ್ಲು ಇಡುವುದು. ಮನೆಗೆ ಬಂದು ಮೊಮ್ಮಗ ಕಪಾಟಿನಿಂದ ಒಂದು ಪುಸ್ತಕ ತೆಗೆದು ನಮ್ಮ ಮುಂದಿಟ್ಟ. 2006ರ ಒಂದು ಸ್ಮರಣ ಸಂಚಿಕೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ವರ್ಷ. ಅದರಲ್ಲಿ ನಮ್ಮದೇ ಲೇಖನ, ನಮ್ಮದೇ ಫೋಟೋ. ಚಂದ್ರಗುಪ್ತ ಮೌರ್ಯ ಆಳಿದ್ದು ಕ್ರಿ.ಪೂ. 1534ರಲ್ಲಿ, ಬ್ರಿಟಿಷರು ಸಂಚು ಮಾಡಿ ಅವನನ್ನು 1200 ವರ್ಷ ಈಚೆಗೆ ಎಳೆದರು ಎಂದು ಢಾಳಾಗಿ ಬರೆದಿದ್ದೆವು.

"ಅಜ್ಜಾ, ಆ ಜರ್ಮನ್ನಗ ಇಷ್ಟೆಲ್ಲಾ ಪುರಾವೆ ಕೇಳಿದ್ರಿ. ನಿಮ್ಮದಕ್ಕ ಏನ್ ಪುರಾವೆ ಅದ?"

ಪುರಾವೆ ಎಲ್ಲಿಂದ ಬರಬೇಕು? ಯಾವುದೋ ಹಸ್ತಪತ್ರಿಕೆಯಲ್ಲಿ ಓದಿದ್ದೆವು, ಹಿತವೆನಿಸಿತು, ಬರೆದೆವು. ಕೇಳಿದವರೂ ಚಪ್ಪಾಳೆ ತಟ್ಟಿದರು. ನಮ್ಮವರನ್ನು ಅಳಿಸುವ ಮಾತಿಗೆ ಒಂದು ತೂಕದ ಕಲ್ಲು, ನಮ್ಮವರನ್ನು ಹಿರಿಯರನ್ನಾಗಿಸುವ ಮಾತಿಗೆ ಇನ್ನೊಂದು ಕಲ್ಲು. ಅಂದು ಉಪವಾಸದ ದಿನವಾದ್ದರಿಂದ ಊಟ ಸೇರಲಿಲ್ಲ ಎಂದು ಹೇಳುವ ಪ್ರಸಂಗ ಬರಲಿಲ್ಲ, ಅಷ್ಟೇ.

ಆ ವಾದದ ಮೂಲ ಹುಡುಕಿದೆವು. ಅದನ್ನು ವಿಸ್ತಾರವಾಗಿ ಬರೆದವರು ಆಂಧ್ರದ ಕೋಟ ವೆಂಕಟಾಚಲಂ ಪಂಡಿತರು, 1953ರಲ್ಲಿ. ನಮ್ಮ ಪುರಾಣ, ಪಂಚಾಂಗಗಳನ್ನು ಪರಕೀಯರು ಹೀಗಳೆದ ಕಾಲವದು. ಅವರ ನೋವು ನಮಗೂ ಅರ್ಥವಾಗುತ್ತದೆ. ಗ್ರೀಕರು ಅಲೆಗ್ಸಾಂಡರನ ಬಳಿಕ ಪಾಟಲಿಪುತ್ರವನ್ನು ಆಳುತ್ತಿದ್ದ 'ಸಾಂಡ್ರಕೊಟ್ಟಸ್' ಎಂಬ ರಾಜನನ್ನು ಹೆಸರಿಸುತ್ತಾರೆ. ಅವನೇ ಚಂದ್ರಗುಪ್ತ ಮೌರ್ಯ ಎಂದು ಸರ್ ವಿಲಿಯಂ ಜೋನ್ಸ್ 1793ರಲ್ಲಿ ಸಾರಿದರು. ಅಲ್ಲ, ಅವನು ಗುಪ್ತ ವಂಶದ ಚಂದ್ರಗುಪ್ತ ಎಂಬುದು ವೆಂಕಟಾಚಲಂ ಅವರ ವಾದ. ಹಾಗಾದರೆ ಗುಪ್ತರು ಕ್ರಿ.ಪೂ. 327ಕ್ಕೆ, ಮೌರ್ಯರು 1534ಕ್ಕೆ, ಅಶೋಕ ಕ್ರಿ.ಪೂ. ಹದಿನೈದನೆಯ ಶತಮಾನಕ್ಕೆ, ಬುದ್ಧನ ನಿರ್ವಾಣ 1807ಕ್ಕೆ ಹೋಗುತ್ತವೆ.

ಇದನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಾಯಿತು. ಉತ್ತರ ಬೇರೆಲ್ಲೂ ಇರಲಿಲ್ಲ, ನಾವು ಯಾತ್ರೆ ಮಾಡಿ ಬಂದ ದಾರಿಯಲ್ಲೇ ಇತ್ತು. ನೇಮಿನಾಥ ಸ್ವಾಮಿಯ ನಿರ್ವಾಣಭೂಮಿ ಗಿರನಾರಕ್ಕೆ ಹೋದವರು ಜುನಾಗಢದಿಂದ ಬೆಟ್ಟದ ಕಡೆ ಹೋಗುವಾಗ ರಸ್ತೆಯ ಪಕ್ಕದಲ್ಲಿ ಒಂದು ಕಟ್ಟಡದೊಳಗೆ ದೊಡ್ಡ ಬಂಡೆ ನೋಡಿರಬೇಕು. ಬಹಳ ಜನ ನೋಡದೆಯೇ ಮುಂದೆ ಹೋಗುತ್ತಾರೆ. ನಾವೂ ಮೊದಲ ಸಲ ಹಾಗೆಯೇ ಹೋಗಿದ್ದೆವು. ಆ ಒಂದೇ ಬಂಡೆಯ ಮೇಲೆ ಮೂರು ಕಾಲದ ಬರಹಗಳಿವೆ.

ಮೊದಲನೆಯದು ಅಶೋಕನ ಹದಿನಾಲ್ಕು ಶಾಸನಗಳು. ಹದಿಮೂರನೆಯದರಲ್ಲಿ ಅವನು ತನ್ನ ಕಾಲದ ಐವರು ಯವನ ರಾಜರ ಹೆಸರು ಹೇಳುತ್ತಾನೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುಂದರ. ಗಿರನಾರದಲ್ಲಿ ಕೆಲವು ಅಕ್ಷರ ಮುಕ್ಕಾಗಿವೆ. ಆದರೆ ಅದೇ ಪಾಠ ಕಾಲ್ಸಿ, ಶಹಬಾಜಗಢಿಗಳಲ್ಲಿಯೂ ಇದೆ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆಯೂ ಹದಿನಾಲ್ಕು ಶಾಸನಗಳಿವೆ. ಸಿರಿಯಾದ ಅಂತಿಯೋಕಸ್, ಈಜಿಪ್ಟಿನ ಟಾಲೆಮಿ, ಮೆಸಿಡೋನಿಯಾದ ಆಂಟಿಗೊನಸ್, ಸೈರೀನ್ ನಗರದ ಮಾಗಸ್, ಐದನೆಯವನು ಒಬ್ಬ ಅಲೆಗ್ಸಾಂಡರ್ (ಮಹಾ ಅಲೆಗ್ಸಾಂಡರನಲ್ಲ, ಈಚಿನವನು). ಇವರೆಲ್ಲ ಒಟ್ಟಿಗೆ ಆಳಿದ್ದು ಕ್ರಿ.ಪೂ. ಮೂರನೆಯ ಶತಮಾನದ ನಡುಭಾಗದಲ್ಲಿ ಮಾತ್ರ. ಕ್ರಿ.ಪೂ. ಹದಿನೈದನೆಯ ಶತಮಾನದ ಅಶೋಕನಿಗೆ ಇವರ ಹೆಸರು ಯಾರು ಹೇಳಿದರು?

ಎರಡನೆಯದು ಕ್ಷತ್ರಪ ರುದ್ರದಾಮನದು, ಶಕ 72, ಅಂದರೆ ಕ್ರಿ.ಶ. 150. ಅಲ್ಲಿಯ ಸುದರ್ಶನ ಕೆರೆ ಒಡೆದುದನ್ನು ಕಟ್ಟಿಸಿದ ವಿವರ. ಮೊದಲು ಆ ಕೆರೆ ಕಟ್ಟಿಸಿದವನು ಚಂದ್ರಗುಪ್ತ ಮೌರ್ಯನ ಅಧಿಕಾರಿ ಪುಷ್ಯಗುಪ್ತನೆಂದೂ ಅವನು ವೈಶ್ಯನೆಂದೂ ಅದರಲ್ಲಿ ಇದೆ. ವ್ಯಾಪಾರಿ ಕುಲದ ಅಭಿಮಾನಕ್ಕೆ ಇಷ್ಟು ಸಾಕು, 1534 ಬೇಕಿಲ್ಲ! ಮೂರನೆಯದು ಗುಪ್ತ ದೊರೆ ಸ್ಕಂದಗುಪ್ತನದು. ಗುಪ್ತ ಸಂವತ್ 136ರಲ್ಲಿ ಕೆರೆ ಮತ್ತೆ ಒಡೆಯಿತು, ಕಟ್ಟಿಸಿದರು ಎಂಬ ಲೆಕ್ಕ. ಗುಪ್ತರ ಶಕ ಶಕಕ್ಕಿಂತ 241 ವರ್ಷ ಈಚಿನದೆಂದು 1030ರ ಸುಮಾರಿಗೆ ಅಲ್ಬೆರೂನಿ ಬರೆದಿದ್ದಾನೆ. ಅಂದರೆ ಸ್ಕಂದಗುಪ್ತನ ಈ ಬರಹ ಕ್ರಿ.ಶ. 455ರ ಈಚೆಗೆ. ಗುಪ್ತರು ಅಲೆಗ್ಸಾಂಡರನ ಕಾಲದವರಾದರೆ ಈ ಮೂರನೆಯ ಬರಹ ರುದ್ರದಾಮನದಕ್ಕಿಂತ ಹಳೆಯದಾಗಬೇಕು. ಆದರೆ ಅಕ್ಷರ ಬೇರೆ ಹೇಳುತ್ತದೆ. ಅಶೋಕನ ಬ್ರಾಹ್ಮೀ ಲಿಪಿ ನೇರ ಗೆರೆಯದು. ರುದ್ರದಾಮನ ಕಾಲಕ್ಕೆ ಅದು ಬಾಗಿದೆ. ಸ್ಕಂದಗುಪ್ತನ ಕಾಲಕ್ಕೆ ಇನ್ನೂ ಮುಂದೆ ಹೋಗಿದೆ. ಅಜ್ಜನ, ಅಪ್ಪನ, ಮಗನ ಕೈಬರಹಗಳು ಒಂದೇ ಖಾತೆಯಲ್ಲಿ ಕ್ರಮವಾಗಿ ಬಂದ ಹಾಗೆ.

ರವಿಕೀರ್ತಿಯ 3735ನ್ನೂ ಈ ಪಕ್ಷದವರು ಭಾರತ ಯುದ್ಧದ ಪುರಾವೆ ಎಂದು ತೋರಿಸುತ್ತಾರೆ. ಅದು 634ರ ಜನ ಹಾಗೆ ಎಣಿಸುತ್ತಿದ್ದರೆಂಬುದಕ್ಕೆ ಪುರಾವೆ, ಯುದ್ಧಕ್ಕಲ್ಲ. ಹೊಸ ಪುಸ್ತಕದ ಮೊದಲ ಸಾಲಿನಲ್ಲಿ 'ಹಿಂದಿನ ಶಿಲ್ಕು' ಎಂದು ಬರೆದ ಮೊತ್ತ ಸರಿಯೋ ಎಂಬುದಕ್ಕೆ ಹಿಂದಿನ ಪುಸ್ತಕವನ್ನೇ ನೋಡಬೇಕು.

ಇನ್ನೊಂದು ಮಾತು. ಚಂದ್ರಗುಪ್ತ 1534ಕ್ಕೆ ಹೋದರೆ ಅವನ ಗುರು ಭದ್ರಬಾಹು ಸ್ವಾಮಿಗಳೂ ಹೋಗಬೇಕು. ಅವರ ಹಿಂದೆ 162 ವರ್ಷಕ್ಕೆ ಮಹಾವೀರ ನಿರ್ವಾಣವೂ ಹೋಗಬೇಕು. ಆಗ ವೀರ ನಿರ್ವಾಣ ಸಂವತ್ ಎಲ್ಲಿ ಉಳಿಯಿತು? ನಿರ್ವಾಣದಿಂದ 605 ವರ್ಷ 5 ತಿಂಗಳಿಗೆ ಶಕರಾಜ ಎಂದು ಹರಿವಂಶ ಪುರಾಣದಲ್ಲಿ, ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ತ್ರಿಲೋಕಸಾರದಲ್ಲಿ ಹೇಳಿದ ಲೆಕ್ಕವನ್ನು ನಾವೇ ಒರೆಸಿದಂತಾಯಿತು. ಇಲ್ಲಿಗ್ ಅವರು ಮುನ್ನೂರು ವರ್ಷ ಕದ್ದರು. ನಾವು ಸಾವಿರಕ್ಕೂ ಮಿಕ್ಕಿ ಸೇರಿಸಹೋಗಿ ನಮ್ಮ ಆಚಾರ್ಯರನ್ನೇ ಸುಳ್ಳು ಮಾಡಿದ್ದೆವು.

ಐವತ್ತು ವರ್ಷದ ಫರಕು

ಹಾಗಾದರೆ ವಿದ್ವಾಂಸರ ಲೆಕ್ಕದಲ್ಲಿ ತಕರಾರೇ ಇಲ್ಲವೇ? ಇದೆ, ಮತ್ತು ಅದನ್ನು ಮುಚ್ಚಿಡಬಾರದು. ನಿರ್ವಾಣ ಕ್ರಿ.ಪೂ. 527. ದಿಗಂಬರ ಪರಂಪರೆಯಂತೆ ಮೂವರು ಕೇವಲಿಗಳ 62, ಐವರು ಶ್ರುತಕೇವಲಿಗಳ 100, ಕೂಡಿ 162 ವರ್ಷ ಕಳೆದರೆ ಭದ್ರಬಾಹುಗಳ ಕಾಲ 365ಕ್ಕೆ ಮುಗಿಯುತ್ತದೆ. ಚಂದ್ರಗುಪ್ತ ಪಟ್ಟಕ್ಕೆ ಬಂದದ್ದು 321ರ ಸುಮಾರಿಗೆ. ಸುಮಾರು ಅರ್ಧ ಶತಮಾನ ತಾಳೆಯಾಗುವುದಿಲ್ಲ. ಶ್ವೇತಾಂಬರರ ಹೇಮಚಂದ್ರಾಚಾರ್ಯರು ನಿರ್ವಾಣದ 155ನೆಯ ವರ್ಷ ಚಂದ್ರಗುಪ್ತ ರಾಜನಾದನೆಂದರು. ಅದೂ ಐವತ್ತರಷ್ಟು ತಪ್ಪುತ್ತದೆ. ಇದಕ್ಕಾಗಿಯೇ ಜರ್ಮನಿಯ ಯಾಕೋಬಿ ಪಂಡಿತರು ನಿರ್ವಾಣವನ್ನು 477 ಅಥವಾ 467ಕ್ಕೆ ತರಬೇಕೆಂದರು. ಬುದ್ಧನ ಕಾಲವನ್ನು ಇನ್ನೂ ಈಚೆಗೆ ತರುವವರು ಮಹಾವೀರರನ್ನೂ ಈಚೆಗೆ ತರುತ್ತಾರೆ. ಧವಲೆಯ ಕೊನೆಯ ಪ್ರಶಸ್ತಿಯಲ್ಲಿ ಅಕ್ಷರ ಕೆಟ್ಟಿರುವುದರಿಂದ ಡಾ. ಹೀರಾಲಾಲ ಜೈನರು ಅದು ಮುಗಿದದ್ದು 816 ಎಂದರೆ ಡಾ. ಜ್ಯೋತಿಪ್ರಸಾದ ಜೈನರು 780 ಎಂದರು.

ನಮ್ಮ ಆಚಾರ್ಯರಿಗೂ ಇದು ಹೊಸತಲ್ಲ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯಲ್ಲಿ, ಇದೂ ಸೊಲ್ಲಾಪುರದಿಂದಲೇ ಅಚ್ಚಾದದ್ದು, ನಿರ್ವಾಣದಿಂದ ಶಕರಾಜನಿಗೆ 605 ವರ್ಷ 5 ತಿಂಗಳು ಎಂಬುದರ ಜೊತೆಗೆ 461 ವರ್ಷ ಎಂಬ ಮತವನ್ನೂ, ಬೇರೆ ಮತಗಳನ್ನೂ ಬರೆದಿಟ್ಟಿದ್ದಾರೆ. ತಮಗೆ ಒಪ್ಪದ ಲೆಕ್ಕವನ್ನು ಹರಿದು ಎಸೆಯಲಿಲ್ಲ. ಐವತ್ತು ರೂಪಾಯಿ ಫರಕು ಬಂದರೆ ಹಳೆಯ ದಿವಾಣಜಿಗಳು ರಾತ್ರಿಯೆಲ್ಲ ಕುಳಿತು ಪುಟ ತಿರುವುತ್ತಿದ್ದರು; ಸಿಗದಿದ್ದರೆ ಅಂಚಿನಲ್ಲಿ ಗುರುತು ಹಾಕಿ ಇಡುತ್ತಿದ್ದರು. ಪುಸ್ತಕ ಸುಡುತ್ತಿರಲಿಲ್ಲ.

ದೀಪಾವಳಿಗೆ ಮೊಮ್ಮಗ ಮತ್ತೆ ಬಂದ. ಈಗ ನಮ್ಮ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ. ಆದರೂ ಪೂಜೆಗೆ ಕೆಂಪು ಬಟ್ಟೆಯ ಒಂದು ಕಿರ್ದಿ ಪುಸ್ತಕ ಬರಲೇಬೇಕು. ಬೆಳಿಗ್ಗೆ ಬಸದಿಯಲ್ಲಿ ನಿರ್ವಾಣ ಲಾಡು ಅರ್ಪಿಸಿ ಬಂದೆವು. ಹೊಸ ಸಂವತ್ಸರದ ಮೊದಲ ಪುಟವನ್ನು ಈ ಸಲ ಅವನ ಕೈಯಿಂದಲೇ ಬರೆಸಿದೆವು. ವೀರ ನಿರ್ವಾಣ ಸಂವತ್ 2552, ವಿಕ್ರಮ ಸಂವತ್ 2082, ಶಾಲಿವಾಹನ ಶಕ 1947, ಇಸ್ವಿ 2025. ಬರೆದು ಪೆನ್ನು ಕೆಳಗಿಡದೆ ಪಕ್ಕದ ಚೀಟಿಯ ಮೇಲೆ ಕಳೆದು ನೋಡಿದ. ವೀರದಲ್ಲಿ ವಿಕ್ರಮ ಕಳೆದರೆ 470. ವೀರದಲ್ಲಿ ಶಕ ಕಳೆದರೆ 605. "ಅಜ್ಜಾ, ಆ 5 ತಿಂಗಳು?" ಎಂದ. ದೀಪಾವಳಿಯಿಂದ ಯುಗಾದಿಗೆ ಎಷ್ಟು ತಿಂಗಳಪ್ಪಾ ಎಂದೆವು. ಬೆರಳು ಮಡಚಿ ಎಣಿಸಿ ಸುಮ್ಮನಾದ.

ಸ್ಮರಣ ಸಂಚಿಕೆಯ ತಪ್ಪನ್ನು ತಿದ್ದಬೇಕೆಂದು ಅದರ ಸಮಿತಿಯವರನ್ನು ಕೇಳಿದೆವು. ಅಂಥ ಸಂಚಿಕೆ ಮತ್ತೆ ಯಾವಾಗ ಬರುವುದೋ ಹೇಳಲಾಗದು ಎಂದರು. ಆದ್ದರಿಂದ ಇಲ್ಲಿಯೇ ತಿಳಿಸುತ್ತಿದ್ದೇವೆ. 2006ರ ನಮ್ಮ ಲೇಖನದಲ್ಲಿ ಚಂದ್ರಗುಪ್ತ ಮೌರ್ಯನ ಕಾಲ ಕ್ರಿ.ಪೂ. 1534 ಎಂದು ಇರುವಲ್ಲಿ, ಪಟ್ಟಕ್ಕೆ ಬಂದದ್ದು ಕ್ರಿ.ಪೂ. 321ರ ಸುಮಾರು ಎಂದು ತಿದ್ದಿ ಓದಿಕೊಳ್ಳಬೇಕು. ಬ್ರಿಟಿಷರ ಸಂಚು ಎಂಬ ಕೆಳಗಿನ ಸಾಲನ್ನು ಹೊಡೆದುಹಾಕಬೇಕು.